ಬಾನೆಟ್ಟಿನ ಮೇಲೆ ಅಂಗೈ ಇಟ್ಟವರು

ಚಿಂತಾಮಣಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಯಾವುದಕ್ಕೂ ಅವಸರವಿಲ್ಲ, ಬಾಯಿ ಬಿಟ್ಟರೆ "ಇರಪ್ಪ" ಎನ್ನುತ್ತಿದ್ದರು. ನಾನು ಚಿಕ್ಕಂದಿನಲ್ಲಿ ಹತ್ತುತ್ತಿದ್ದಂಥ, ಉದ್ದ ಮೂತಿಯ ಹಳೇ ಬಸ್ಸೊಂದು ಗೌರಿಬಿದನೂರಿನಲ್ಲಿ ಮಾರಾಟಕ್ಕಿದೆ ಎಂದು ತಿಳಿದಾಗ ಅವರನ್ನೇ ಕರೆದುಕೊಂಡು ಹೋದೆ.

ನನ್ನ ತಪಾಸಣೆ ಎರಡೇ ನಿಮಿಷ. ಟೈರಿಗೆ ಒದ್ದೆ, ಹಾರ್ನ್ ಹೊಡೆದೆ, ಮನಸೋತೆ. ಅವರು ಮಗುವಿನ ಹಣೆ ಮುಟ್ಟುವಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಬೆಳಗ್ಗೆ ಸ್ಟಾರ್ಟ್ ಮಾಡಿದ್ಯೇನಪ್ಪ?"

"ಇಲ್ಲಣ್ಣ, ತಿಂಗಳಿಂದ ಮುಟ್ಟೇ ಇಲ್ಲ," ಎಂದ ಮಾರುವವನು.

"ಹಂಗಾ? ಸರಿ, ಟೀ ಕುಡಿಯಣ."

ಮೂರು ಟೀ ಆಯಿತು. ನಾನು ಚಡಪಡಿಸಿದೆ.

"ಇರಪ್ಪ, ನಾವು ಬರೋಕ್ ಮುಂಚೆ ಇಂಜಿನ್ ಬಿಸಿ ಮಾಡಿ ಇಟ್ಟವ್ನೆ. ಜ್ವರ ಇಳೀಲಿ."

ತಣ್ಣಗಾದ ಮೇಲೆ ಇಂಜಿನ್ ಕೆಮ್ಮಿತೇ ಹೊರತು ಏಳಲಿಲ್ಲ.

"ಬೇಡಪ್ಪ ಇದು. ಹೋಗಣ."

"ಅಣ್ಣ, ಆ ಹಾರ್ನ್ ಕೇಳಿದ್ರಲ್ಲ?" ಎಂದೆ.

ನಾನು ದುಡ್ಡು ಕೊಟ್ಟೆ. ಅವರು ಟ್ರ್ಯಾಕ್ಟರ್‌ನಿಂದ ಎಳೆಸಿ ಬಸ್ಸನ್ನು ಸ್ಟಾರ್ಟ್ ಮಾಡಿಸಿ, ತಾವೇ ಸ್ಟೇರಿಂಗ್ ಹಿಡಿದರು. "ಸ್ಟಾರ್ಟರೂ ಕೈಕೊಟ್ಟೈತೆ, ಮನೆ ಸೇರೋವರ್ಗೂ ಆಫ್ ಮಾಡಂಗಿಲ್ಲ" ಎಂದಷ್ಟೇ ಹೇಳಿದರು.

ಶಿಡ್ಲಘಟ್ಟದಲ್ಲಿ ಇಂಜಿನ್ ಓಡುತ್ತಿರುವಂತೆಯೇ ನೀರು ಕುಡಿಯಲು ಇಳಿದರು. ನಾನು ಡ್ರೈವರ್ ಸೀಟಿಗೆ ಹಾರಿ, ನಿಮಗೆಲ್ಲ ತೋರಿಸಲೆಂದು ವಿಡಿಯೋ ಶುರು ಮಾಡಿದೆ. ಇಂಜಿನ್ ಗದ್ದಲದಲ್ಲಿ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಇಂಜಿನ್ ಆಫ್ ಮಾಡಿದೆ.

ಅವರು ನೀರು ಕುಡಿದು ವಾಪಸ್ ಬಂದರು. ಟೀ ಅಂಗಡಿಯಿಂದ ಏಳೆಂಟು ಜನರನ್ನು ಕರೆತಂದು ಬಸ್ಸಿನ ಹಿಂದಕ್ಕೆ ಹೋದರು. ನಾನೂ ಇಳಿಯಹೋದೆ.

"ನೀನು ಇಳೀಬೇಡಪ್ಪ, ವಿಡಿಯೋ ಮುಗ್ಸು. ನಾವು ತಳ್ತೀವಿ."