ಬೂನ್ ಲೇಗೆ ಎರಡು ಕಾರ್ಡು

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಹನ್ನೊಂದು ವರ್ಷ ನೆಲ ಒರೆಸಿದ ಕದಿರಮ್ಮನಿಗೆ, ಬರುವವರು ಯಾರು ಬಾರದವರು ಯಾರು ಎಂದು ಫೋನಿನ ಮಾತಿನಲ್ಲೇ ಗುರುತು ಹಿಡಿಯುವ ವಿದ್ಯೆ ಬಂದುಬಿಟ್ಟಿತ್ತು. ನಿಜವಾಗಿ ಬರುವವರು ತಾವು ಎಲ್ಲಿದ್ದೇವೆಂದು ಹೇಳುತ್ತಾರೆ. ಟೋಲ್ ದಾಟಿದೆ, ಸಾದಹಳ್ಳಿ ಹತ್ತಿರ ಜಾಮ್ ಆಗಿದೆ, ಪಾರ್ಕಿಂಗಿಗೆ ಜಾಗ ಹುಡುಕುತ್ತಿದ್ದೇನೆ ಎನ್ನುತ್ತಾರೆ. ಬಾರದವರು ‘ಅಲ್ಲೇ ಕೂತಿರು’ ಎಂದಷ್ಟೇ ಹೇಳಿ ಫೋನ್ ಇಡುತ್ತಾರೆ. ಹಾಗೆ ಕೂತವರಿಗೆ ‘ಕಾಲೆತ್ತಿ ಅಮ್ಮ’ ಎಂದು ಹೇಳಿ ಅವರ ಕುರ್ಚಿಯ ಕೆಳಗೆ ಅವಳು ಎಷ್ಟೋ ಸಲ ಮಾಪ್ ಎಳೆದಿದ್ದಳು. ಅವಳ ಶಿಫ್ಟ್ ಮುಗಿದು ಹೊರಡುವಾಗಲೂ ಅವರು ಅಲ್ಲೇ ಕೂತಿರುತ್ತಿದ್ದರು.

ಈಗ ಸಿಂಗಪುರದ ವಿಮಾನ ನಿಲ್ದಾಣದಲ್ಲಿ, ಬೆಳಗಿನ ಏಳು ಗಂಟೆಗೆ, ಅವಳೇ ಹಾಗೆ ಕೂತಿದ್ದಳು. ಫೋನಿನಲ್ಲಿ ಅಳಿಯ ವಿಜಯ್ ಕಳಿಸಿದ ಮಾತನ್ನು ಮೂರನೇ ಸಲ ಕೇಳಿಸಿಕೊಂಡಳು.

“ಅತ್ತೆ, ಮನೇಲಿ ಪೇಂಟಿಂಗ್ ನಡೀತಾ ಐತೆ. ನಿಮ್ಮನ್ನ ಬೇರೆ ಕಡೆ ಇರಿಸ್ತೀನಿ. ನಾನು ಬರೋಗಂಟ ಅಲ್ಲೇ ಕೂತಿರಿ. ಎಲ್ಲೂ ಅಲ್ಲಾಡ್ಬೇಡಿ.”

ಪೇಂಟಿಂಗ್ ವಿಷಯ ನಿನ್ನೆಯವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಅವನು ಎಲ್ಲಿದ್ದಾನೆಂದೂ ಹೇಳಲಿಲ್ಲ, ಎಷ್ಟು ಹೊತ್ತಿಗೆ ಬರುತ್ತಾನೆಂದೂ ಹೇಳಲಿಲ್ಲ.

ಬಾಶೆಟ್ಟಿಹಳ್ಳಿಯ ಆಚೆಗೆ ಎರಡು ಮೈಲಿ ದೂರದ ಹಳ್ಳಿ ಅವಳದು. ಗಂಡ ಮುನಿವೆಂಕಟಪ್ಪ ಸೇವಂತಿಗೆ, ರಾಗಿ ಎಂದು ಹೊಲದಲ್ಲೇ ಇರುವವನು. ಮಾತು ಕಡಿಮೆ, ಯಾರು ಏನೇ ಹೇಳಿದರೂ ‘ಆಗಲಿ’ ಎನ್ನುವ ಆಸಾಮಿ. ವಿಮಾನ ನಿಲ್ದಾಣಕ್ಕೆ ಸೇರುವ ಮುಂಚೆ ಕದಿರಮ್ಮ ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿದ್ದಳು. ಕಾರ್ಖಾನೆಯ ಬಸ್ಸಿಗೆ ರಟ್ಟಿನ ಪಾಸು. ಶಾಲೆಗೆ ಹೋಗುವ ಮಗಳು ಹರ್ಷಿತಳನ್ನೂ ಅದೇ ಪಾಸಿನಲ್ಲಿ ಹತ್ತಿಸಿಕೊಳ್ಳುತ್ತಿದ್ದಳು. ಡ್ರೈವರ್ ಅಪ್ಪಯ್ಯಣ್ಣ, “ಒಂದು ಪಾಸು, ಎರಡು ತಲೆ. ಇದ್ಯಾವ ನ್ಯಾಯ ಕದಿರಕ್ಕಾ?” ಎಂದು ದಿನಾ ರೇಗಿಸುವನು, ದಿನಾ ಹತ್ತಿಸಿಕೊಳ್ಳುವನು. ಮೂರು ತಿಂಗಳಿಗೆ ಆ ಪಾಸಿನ ಮೂಲೆಗಳು ನಾರುನಾರಾಗುತ್ತಿದ್ದವು. ಸವೆಯದ ಪಾಸನ್ನು ಕಂಡರೆ ಇದು ಮನೆಯಲ್ಲೇ ಕೂತವರದು ಎಂದು ಯಾರಾದರೂ ಹೇಳಬಹುದಿತ್ತು.

ಹರ್ಷಿತಳ ಮದುವೆಯಾಗಿ ಮೂರು ವರ್ಷ. ವಿಜಯ್ ಹೊಸಕೋಟೆ ಕಡೆಯವನು, ಸಿಂಗಪುರದ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅಳಿಯನೆಂದರೆ ಕದಿರಮ್ಮನಿಗೆ ‘ಬನ್ನಿ, ಕೂತ್ಕಳ್ಳಿ, ಉಣ್ಣಿ’ ಎನ್ನುವ ಬಹುವಚನ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಮಗಳು ತಾನೂ ಒಂದು ಆಫೀಸಿಗೆ ಸೇರಿದ್ದೇನೆ, ದಿನಾ ರೈಲಿನಲ್ಲಿ ಓಡಾಡುತ್ತೇನೆ ಎಂದಾಗ ಕದಿರಮ್ಮ ಆ ಸುದ್ದಿಯನ್ನು ಊರೆಲ್ಲ ಹಂಚಿಕೊಂಡು ಬಂದಿದ್ದಳು. ಆಮೇಲೆ, ಈ ಯುಗಾದಿ ಕಳೆದ ಮೇಲೆ, ಹರ್ಷಿತಳ ಫೋನು ಕೆಟ್ಟಿತಂತೆ. ಮಾತೆಲ್ಲ ವಿಜಯ್‌ನ ಫೋನಿನಲ್ಲೇ ನಡೆಯತೊಡಗಿತು. ‘ಚೆನ್ನಾಗಿದ್ದೀನಿ ಅಮ್ಮ, ಆಫೀಸಿಗೆ ಹೋಗ್ತಿದ್ದೀನಿ ಅಮ್ಮ’ ಎಂಬ ಎರಡೇ ಮಾತು. ಮುಖವಷ್ಟೇ ಕಾಣುವ ವೀಡಿಯೊದಲ್ಲಿ, ಮಾತು ಮುಗಿಸುವ ಮುಂಚೆ ಅವಳ ಕಣ್ಣು ಒಮ್ಮೆ ಪಕ್ಕಕ್ಕೆ ಹೊರಳುತ್ತಿತ್ತು.

ಈಗ ಕದಿರಮ್ಮನ ಚೀಲದಲ್ಲಿದ್ದ ಕಾರ್ಡನ್ನು ತಂದುಕೊಟ್ಟವಳು ಊರಿನವಳೇ ಆದ ಸಂಘಮಿತ್ರ. ಅವಳು ಸಿಂಗಪುರದಲ್ಲಿ ನರ್ಸ್. ಎರಡು ತಿಂಗಳ ಹಿಂದೆ ರಜೆಗೆ ಬಂದಾಗ ರೈಲಿನ ಕಾರ್ಡೊಂದನ್ನು ಕೈಗಿಟ್ಟಿದ್ದಳು.

“ಹರ್ಷಿ ಕೊಟ್ಲು ಆಂಟಿ. ಅಮ್ಮ ಬಂದ್ರೆ ಇದ್ರಲ್ಲೇ ಬರ್ಲಿ ಅಂದ್ಲು. ಅಷ್ಟು ದೂರ ಹೋದೋಳ್ನ ಒಳಕ್ಕೂ ಕರೀಲಿಲ್ಲ ನೋಡಿ. ಗ್ರಿಲ್ ಸಂದೀಲೇ ಕೊಟ್ಟು ಕಳಿಸಿದ್ಲು.”

ಸಂಘಮಿತ್ರಳಿಗೆ ಅದು ಬೇಜಾರು. ಕದಿರಮ್ಮನ ಕಣ್ಣು ಮಾತ್ರ ಕಾರ್ಡಿನ ಮೇಲಿತ್ತು. ದಿನಾ ರೈಲಿನಲ್ಲಿ ಓಡಾಡುವ ಹುಡುಗಿ ತನ್ನ ಕಾರ್ಡನ್ನು ಅಮ್ಮನಿಗೆ ಕಳಿಸಿ ತಾನು ಯಾವುದರಲ್ಲಿ ಓಡಾಡುತ್ತಾಳೆ? ಬೇರೆ ತಗೊಂಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ನಿದ್ದೆ ಬರಲಿಲ್ಲ. ಸಂಘಮಿತ್ರಳ ಕೈಯಲ್ಲೇ ವೀಸಾಕ್ಕೆ ಬರೆಸಿ, ಮನೆಯ ವಿಳಾಸ ಬರೆಸಿಕೊಂಡು, ಟಿಕೆಟ್ ಆದ ಮೇಲಷ್ಟೇ ಅಳಿಯನಿಗೆ ತಿಳಿಸಿದಳು. ಎಷ್ಟು ದಿನ ಇರ್ತೀರಿ ಎಂದಷ್ಟೇ ಅವನು ಕೇಳಿದ.

ಕುರ್ಚಿಯ ಕೆಳಗೆ ಮಾಪ್ ಬಂತು. ಒರೆಸುತ್ತಿದ್ದ ಹೆಂಗಸು ತನ್ನ ಭಾಷೆಯಲ್ಲಿ ಏನೋ ಅಂದಳು. ಅರ್ಥವಾಗದಿದ್ದರೂ ಕದಿರಮ್ಮ ಕಾಲೆತ್ತಿದಳು. ಕಾಲು ಕೆಳಗಿಡುವ ಹೊತ್ತಿಗೆ ಎದ್ದು ನಿಂತಿದ್ದಳು.

ರೈಲಿನ ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲ ವಿಮಾನ ನಿಲ್ದಾಣಗಳ ಹೊಟ್ಟೆಯೂ ಒಂದೇ ಥರ, ಜನ ಹರಿಯುವ ಕಡೆಗೆ ಹೋದರಾಯಿತು. ಗೇಟಿನ ಮುಂದೆ ನಿಂತಾಗ ಮಾತ್ರ ಕೈ ತಂತಾನೇ ಚೀಲಕ್ಕೆ ಹೋಗಿ ಆಧಾರ್ ಕಾರ್ಡು ತೆಗೆಯಿತು. ಎರಡು ವರ್ಷದಿಂದ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅದನ್ನು ತೋರಿಸಿಯೇ ಹೆಂಗಸರ ಫ್ರೀ ಟಿಕೆಟ್ ಪಡೆಯುತ್ತಿದ್ದ ಕೈ ಅದು. ಗೇಟು ಆಧಾರ್‌ಗೆ ಬಗ್ಗಲಿಲ್ಲ. ಅವಳು ಗಾಬರಿಯಲ್ಲಿ ಹರ್ಷಿತಳ ಕಾರ್ಡು ಒತ್ತಿದಳು. ಕೆಂಪು ದೀಪ ಹತ್ತಿತು. ಹಿಂದೆ ಜನ ನಿಂತರು.

ಗಾಜಿನ ಕೋಣೆಯಿಂದ ಎದ್ದು ಬಂದ ಸಿಬ್ಬಂದಿ ಅವಳ ಹಣೆಯ ಕುಂಕುಮ ನೋಡಿ ತಮಿಳಿನಲ್ಲಿ ಏನಮ್ಮಾ ಎಂದ. ಕದಿರಮ್ಮನ ತವರು ಹೊಸೂರಿನ ಗಡಿ, ತಮಿಳು ಬಾಯಿಗೆ ಬಂತು. ಅವನ ಹೆಸರು ವೇಣುಗೋಪಾಲ್, ವಯಸ್ಸಾದವನು. ಕಾರ್ಡನ್ನು ಯಂತ್ರದ ಮೇಲಿಟ್ಟು ನೋಡಿದ.

ಇದರಲ್ಲಿ ದುಡ್ಡು ಸಾಲದು, ತುಂಬಿಕೊಡುತ್ತೇನೆ, ಆದರೆ ಇದನ್ನು ಐದು ತಿಂಗಳಿಂದ ಯಾರೂ ಬಳಸಿಲ್ಲವಲ್ಲ ಎಂದ.

ಕದಿರಮ್ಮ, ಸರಿಯಾಗಿ ನೋಡಪ್ಪ, ನನ್ನ ಮಗಳು ದಿನಾ ಕೆಲಸಕ್ಕೆ ಹೋಗುತ್ತಾಳೆ ಎಂದಳು.

ಅವನು ಪರದೆಯನ್ನು ಅವಳ ಕಡೆ ತಿರುಗಿಸಿ, ಸಾಲುಗಳ ಮೇಲೆ ಬೆರಳಿಟ್ಟು ಓದಿದ. ಕೊನೆಯ ಪ್ರಯಾಣ ಮಾರ್ಚ್ ಇಪ್ಪತ್ತೊಂಬತ್ತು. ಬೆಳಿಗ್ಗೆ ಬೂನ್ ಲೇ ಸ್ಟೇಷನ್ನಿನಿಂದ ವಿಮಾನ ನಿಲ್ದಾಣಕ್ಕೆ. ಅದೇ ದಿನ ಮಧ್ಯಾಹ್ನ ಒಂದು ನಲವತ್ತಕ್ಕೆ, ವಿಮಾನ ನಿಲ್ದಾಣದಿಂದ ಮತ್ತೆ ಬೂನ್ ಲೇಗೆ. ಆಮೇಲೆ ಏನೂ ಇಲ್ಲ.

ಬೂನ್ ಲೇ ಮಗಳ ಮನೆಯ ಸ್ಟೇಷನ್ನು. ಮಾರ್ಚ್ ಇಪ್ಪತ್ತೊಂಬತ್ತು ಯುಗಾದಿಯ ಹಿಂದಿನ ದಿನ. ಆ ದಿನ ಕದಿರಮ್ಮನಿಗೆ ಮರೆಯುವ ಹಾಗಿರಲಿಲ್ಲ, ಹರ್ಷಿತ ತನ್ನ ಫೋನಿನಿಂದ ಮಾತಾಡಿದ ಕೊನೆಯ ದಿನ ಅದೇ. ಆಗ ಊರಿನಲ್ಲಿ ಹತ್ತೂವರೆ ಇರಬಹುದು. “ಅಮ್ಮ, ನಾನು ಬಂದ್ಬಿಡ್ಲಾ?” ಅಂದಿದ್ದಳು. ಯಾಕವ್ವ ಎಂದರೆ ಸುಮ್ಮನೆ ಅಂದಿದ್ದಳು. ದನಿಯ ಹಿಂದೆ ಟ್ರಾಲಿಗಳ ಗಲಾಟೆ, ಸೂಟ್‌ಕೇಸ್ ಚಕ್ರಗಳ ಗರಗರ.

“ಗಂಡ ಹೆಂಡ್ತಿ ಅಂದ್ಮೇಲೆ ಒಂದ್ ಮಾತು ಬರ್ತದೆ, ಹೋಗ್ತದೆ. ಹೊಂದ್ಕಂಡು ಹೋಗವ್ವ. ಇವತ್ತು ಬೇಗ ಮನೆಗೋಗು, ನಾಳೆ ಹಬ್ಬ,” ಎಂದಿದ್ದಳು ಕದಿರಮ್ಮ. “ಇಲ್ಲಿ ಬರೀ ಟ್ರಾಲಿ ಸದ್ದು ಕಣಮ್ಮಿ, ಏನೂ ಕೇಳಿಸ್ತಿಲ್ಲ. ಇಡ್ಲಾ?”

ಆ ಸದ್ದು ತನ್ನ ಕಡೆಯದೇ ಎಂದುಕೊಂಡಿದ್ದಳು. ಹನ್ನೊಂದು ವರ್ಷ ಕಿವಿಯೊಳಗೇ ಮನೆ ಮಾಡಿದ್ದ ಸದ್ದು, ಇನ್ನೆಲ್ಲಿಂದ ಬರಬೇಕು? ಈಗ, ಈ ಗಾಜಿನ ಕೋಣೆಯ ಮುಂದೆ, ಅವಳಿಗೆ ಆ ಹೊತ್ತು ಪೂರ್ತಿ ನೆನಪಾಯಿತು. ಅವಳು ಅವತ್ತು ಕೆಳಗಿನ ಕೋಣೆಯಲ್ಲಿ ಮಾಪ್ ತೊಳೆಯುತ್ತಿದ್ದಳು. ಅಲ್ಲಿ ನಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಲ್ಲಿಗೆ ಯಾವ ಟ್ರಾಲಿಯೂ ಬರುವುದಿಲ್ಲ.

ಮಗಳು ವಿಮಾನ ನಿಲ್ದಾಣದವರೆಗೆ ಬಂದಿದ್ದಳು. ತಾಯಿಯೇ ಅವಳನ್ನು ಬಾಯಾರೆ ವಾಪಸ್ ಕಳಿಸಿದ್ದಳು.

ಕದಿರಮ್ಮ ಗಾಜಿನ ಗೋಡೆಗೆ ಕೈಯೂರಿದಳು. ವೇಣುಗೋಪಾಲ್ ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟ. ಅವಳು ಇಷ್ಟನ್ನೂ ಅವನಿಗೆ ಹೇಳಿದಳು, ಅಳದೆ. ಅವನು ಕೇಳಿಸಿಕೊಂಡು ಒಂದು ಚೀಟಿಯ ಮೇಲೆ ಪೊಲೀಸರ ನಂಬರನ್ನೂ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲನ್ನೂ ಬರೆದ. ಬಾಗಿಲು ತೆಗೆಯದಿದ್ದರೆ ಪಕ್ಕದ ಮನೆಯವರಿಗೆ ಇದನ್ನು ತೋರಿಸಿ ಎಂದ.

“ಇನ್ನೊಂದು ಕಾರ್ಡು ಕೊಡಪ್ಪ,” ಎಂದಳು ಕದಿರಮ್ಮ. “ಒಂದರಲ್ಲಿ ಇಬ್ಬರು ಬರೋಕಾಗಲ್ಲ ತಾನೆ ಇಲ್ಲಿ?”

ಆಗುವುದಿಲ್ಲ ಎಂದು ಅವನು ತಲೆಯಾಡಿಸಿದ. ಒಂದು ಕಾರ್ಡಿಗೆ ಗೇಟು ಒಬ್ಬರನ್ನೇ ಬಿಡುತ್ತದೆ. ಹಳೆಯದಕ್ಕೆ ದುಡ್ಡು ತುಂಬಿ, ಹೊಸದೊಂದನ್ನೂ ಕೊಟ್ಟ.

ತನಾ ಮೇರಾ ಎಂಬಲ್ಲಿ ಇಳಿದು ಎದುರಿನ ರೈಲು ಹತ್ತಿದಳು. ಒಂದು ಗಂಟೆಯ ದಾರಿ. ಎದುರಿನ ಸೀಟಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಕಾಣಲಿಲ್ಲ. ವಿಮಾನ ನಿಲ್ದಾಣ ಬಿಟ್ಟ ಮೇಲೆ ಅವಳ ಫೋನಿಗೆ ನೆಟ್ ಇರಲಿಲ್ಲ. ಅಳಿಯ ಏನು ಹೇಳುತ್ತಿದ್ದಾನೋ, ಎಲ್ಲಿದ್ದಾನೋ ತಿಳಿಯಲು ದಾರಿಯೇ ಇರಲಿಲ್ಲ. ಇದೇ ದಾರಿಯಲ್ಲಿ ಹರ್ಷಿತ ಹಬ್ಬದ ಹಿಂದಿನ ದಿನ ಹೇಗೆ ಕೂತು ಬಂದಿರಬಹುದು ಎಂಬುದೊಂದೇ ಯೋಚನೆ. ತಾನು ಹೋಗುವಷ್ಟರಲ್ಲಿ ಏನಾದರೂ ಆಗಿಹೋಗಿದ್ದರೆ ಎನ್ನುವ ಇನ್ನೊಂದು ಯೋಚನೆಯನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ.

ಬೂನ್ ಲೇಯಲ್ಲಿ ಇಳಿದು, ಸಂಘಮಿತ್ರ ಬರೆದುಕೊಟ್ಟ ನಂಬರಿನ ಕಟ್ಟಡವನ್ನು ಚೀಟಿ ತೋರಿಸಿ ತೋರಿಸಿ ಕೇಳಿಕೊಂಡು ಮುಟ್ಟಿದಾಗ ಹತ್ತಕ್ಕೆ ಇಪ್ಪತ್ತು ನಿಮಿಷ ಇತ್ತು. ಹನ್ನೆರಡನೇ ಮಹಡಿ. ಉದ್ದದ ಪಡಸಾಲೆ, ಸಾಲಾಗಿ ಬಾಗಿಲುಗಳು. ಎಲ್ಲೂ ಪೇಂಟಿನ ವಾಸನೆ ಇರಲಿಲ್ಲ. ಕೊನೆಯ ಮನೆಯ ಮರದ ಬಾಗಿಲು ತೆರೆದಿತ್ತು. ಅದರ ಮುಂದಿನ ಕಬ್ಬಿಣದ ಗ್ರಿಲ್‌ಗೆ ಹೊರಗಿನಿಂದ ಬೀಗ.

“ಹರ್ಷಿ.”

ಒಳಗಿನ ನೆಲದ ಮೇಲಿಂದ ಯಾರೋ ಎದ್ದರು. ಮೊದಲು ಕದಿರಮ್ಮನಿಗೆ ಗುರುತೇ ಸಿಗಲಿಲ್ಲ. ಕೊರಳ ಮೂಳೆ ಎದ್ದುಕೊಂಡು, ಆ ಸೆಕೆಯಲ್ಲೂ ಮೊಣಕೈ ಮುಚ್ಚುವ ಬಟ್ಟೆ ತೊಟ್ಟುಕೊಂಡು ಹರ್ಷಿತ ಗ್ರಿಲ್ ಹತ್ತಿರ ಬಂದಳು. ತಾಯಿಯ ಮುಖ ನೋಡುವ ಮುಂಚೆ ಅವಳ ಕೈಯಲ್ಲಿದ್ದ ಕಾರ್ಡನ್ನು ನೋಡಿದಳು.

“ರೈಲಲ್ಲಿ ಬಂದ್ಯಾ?”

“ಹೂಂ ಕಣವ್ವ.”

“ಹತ್ತು ಗಂಟೆಗೆ ಅವ್ನು ಬಂದು ನೋಡ್ಕಂಡು ಹೋಗ್ತಾನೆ ಅಮ್ಮ. ದಿನಾ ಬರ್ತಾನೆ. ಕೀ, ಪಾಸ್‌ಪೋರ್ಟ್ ಎಲ್ಲ ಅವ್ನ ಹತ್ರಾನೇ ಐತೆ.” ಅವಳ ದನಿ ಬಹಳ ಚಿಕ್ಕದಾಗಿತ್ತು. ಆಮೇಲೆ ಕೇಳಿದಳು, “ಅವತ್ತು ನಾನು ಎಲ್ಲಿಂದ ಮಾತಾಡ್ತಿದ್ದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ? ಪಾಸ್‌ಪೋರ್ಟ್ ಇಲ್ದೆ ಹೋಗಿದ್ದೆ. ನೀನು ಬಾ ಅಂದಿದ್ರೆ ಅಲ್ಲೇ ಯಾರ್ದಾದ್ರೂ ಕಾಲು ಹಿಡೀತಿದ್ದೆ.”

“ಸದ್ದು ಕೇಳಿಸ್ತು ಕಣವ್ವ,” ಎಂದಳು ಕದಿರಮ್ಮ. “ನಂದೇ ಅನ್ಕಂಡೆ. ತಪ್ಪಾಯ್ತು.”

ಇದಕ್ಕಿಂತ ಹೆಚ್ಚಿಗೆ ಹೇಳಲು ಪುರುಸೊತ್ತಿರಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದಳು. ಬಿಳಿ ಕೂದಲಿನ ಚೀನೀ ಅಜ್ಜಿಯೊಬ್ಬಳು ಬಂದಳು. ವೇಣುಗೋಪಾಲ್ ಬರೆದ ಚೀಟಿ ಓದಿದಳು. ಗ್ರಿಲ್‌ನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಫೋನ್ ತೆಗೆದು ಮಾತಾಡತೊಡಗಿದಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಲಿಫ್ಟಿನ ಬಾಗಿಲು ತೆರೆಯಿತು. ಪೊಲೀಸರು ಇನ್ನೂ ಬಂದಿರಲಿಲ್ಲ. ಬಂದವನು ವಿಜಯ್.

ಅತ್ತೆಯನ್ನು ಕಂಡು ಅವನು ಅಲ್ಲೇ ನಿಂತ. ಆಮೇಲೆ ನಗುತ್ತಾ ಹತ್ತಿರ ಬಂದ. ಆ ನಗುವನ್ನು ನೋಡಿ ಗ್ರಿಲ್‌ನ ಒಳಗಿದ್ದ ಹರ್ಷಿತ ಒಂದು ಹೆಜ್ಜೆ ಹಿಂದೆ ಸರಿದಳು.

“ಏನತ್ತೆ, ಅಲ್ಲೇ ಕೂತಿರಿ ಅಂದ್ನಲ್ಲ. ದಾರಿ ತಪ್ಪಿದ್ರೆ ಏನ್ ಗತಿ? ಬನ್ನಿ, ಒಳಗೆ ಕೂತು ಮಾತಾಡಾಣ. ಬೀದೀಲಿ ಬೇಡ.”

ಕದಿರಮ್ಮ ಗ್ರಿಲ್‌ಗೆ ಬೆನ್ನು ಕೊಟ್ಟು ನಿಂತಳು. ಪಕ್ಕದ ಬಾಗಿಲಲ್ಲಿ ಅಜ್ಜಿ ಫೋನ್ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅದರಾಚೆಯ ಮನೆಯಿಂದಲೂ ಯಾರೋ ಇಣುಕಿದರು.

“ಬೀಗ ತೆಗಿಯೋ,” ಎಂದಳು ಕದಿರಮ್ಮ. ಮೂರು ವರ್ಷದಲ್ಲಿ ಅಳಿಯನಿಗೆ ಅವಳು ಏಕವಚನ ಹಾಕಿದ್ದು ಅದೇ ಮೊದಲು. “ನಾನು ಒಳಕ್ಕೆ ಬರೋಕಲ್ಲ. ಅವಳು ಈಚೆಗೆ ಬರೋಕೆ.”

ಅವನ ನಗು ಹೋಯಿತು. ಅಜ್ಜಿಯನ್ನು ನೋಡಿದ, ಫೋನನ್ನು ನೋಡಿದ, ಲಿಫ್ಟಿನ ಕಡೆ ತಿರುಗಿ ನೋಡಿದ. ಕೊನೆಗೆ ಜೇಬಿಗೆ ಕೈಹಾಕಿ ಕೀ ತೆಗೆದ. ಕಂಬಿಗಳ ಸಂದಿಯಿಂದ ಒಂದು ಕೈ ಬಂದು ಕದಿರಮ್ಮನ ಸೆರಗನ್ನು ಹಿಡಿದುಕೊಂಡಿತು. ಕದಿರಮ್ಮ ಹಿಂದಕ್ಕೆ ತಿರುಗದೆ ಹೊಸ ಕಾರ್ಡನ್ನು ಆ ಕೈಯೊಳಗಿಟ್ಟಳು. ಬೀಗದಲ್ಲಿ ಕೀ ತಿರುಗುವವರೆಗೂ ಹರ್ಷಿತ ಕಾರ್ಡನ್ನೂ ಬಿಡಲಿಲ್ಲ, ಸೆರಗನ್ನೂ ಬಿಡಲಿಲ್ಲ.