ಕಿವಿ ತಿಂದ ವೈರು

ಗಂಡ ಹೋದ ಮೇಲೆ ಸ್ಟುಡಿಯೋ ಅಕ್ಕ ಅಳುವುದನ್ನು ಮನೆಯಲ್ಲೇ ಮುಗಿಸಿ ಅಂಗಡಿಗೆ ಬರುತ್ತಿದ್ದಳು. ಅಂಗಡಿಯಲ್ಲಿ ಅಳುವುದಕ್ಕೆ ಜಾಗವೂ ಇರಲಿಲ್ಲ. ಒಂದು ಕಡೆ ಪ್ರಿಂಟರು, ಇನ್ನೊಂದು ಕಡೆ ಫೋಟೋ ತೆಗೆಸಿಕೊಳ್ಳುವವರ ಸ್ಟೂಲು, ಸ್ಟೂಲಿನ ಹಿಂದೆ ಬಿಳಿ ಪರದೆ, ಮೂಲೆಯಲ್ಲಿ ಕಂಪ್ಯೂಟರು. ಎದ್ದು ನಿಂತರೆ ಮೊಣಕೈ ಯಾವುದಕ್ಕಾದರೂ ತಾಗಬೇಕು.

ಹಳೆಯ ಫೋಟೋಗಳನ್ನು ಹೊಸದು ಮಾಡುವುದು ಅವಳ ಕೆಲಸ. ಹರಿದದ್ದು, ಮಡಚಿದ್ದು, ನೀರು ಬಿದ್ದದ್ದು. ಸತ್ತವರ ಮುಖಗಳೇ ಹೆಚ್ಚು. ಅವಳು ಓದಿದ್ದು ಕಡಿಮೆ. ಗಂಡ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ. "ಕಲೆ ತೆಗಿ, ಮುಖ ಕೆಡಿಸಬೇಡ" ಅನ್ನುತ್ತಿದ್ದ. ಪಾಠ ಅಷ್ಟೇ.

ಅವನ ಕಾಲದ ಚೌಕ ಮಾನಿಟರು ಒಂದು ಬೆಳಿಗ್ಗೆ ಜಪ್ಪಯ್ಯ ಅಂದರೂ ಹೊತ್ತಿಕೊಳ್ಳಲಿಲ್ಲ. ಹೊಸದು ತಂದಳು. ಅಗಲವಾದದ್ದು. ಡಬ್ಬದಲ್ಲಿ ಚಪ್ಪಟೆ ಮೂತಿಯ ಹೊಸ ವೈರೂ ಇತ್ತು. ಅವಳು ಅದನ್ನು ಕವರಿನಿಂದ ಹೊರಗೆ ತೆಗೆಯಲಿಲ್ಲ. ಹಳೆಯ ವೈರನ್ನೇ ಚುಚ್ಚಿದಳು. ನೀಲಿ ಮೂತಿ, ಎರಡು ಪಕ್ಕಕ್ಕೂ ತಿರುಪು. ನಡುವೆ ಇಲಿ ಕಡಿದಲ್ಲಿ ಗಂಡ ಟೇಪು ಸುತ್ತಿ, ಟೇಪು ಬಿಚ್ಚಿಕೊಳ್ಳದಿರಲಿ ಅಂತ ಮೇಲೆ ಹೊಲಿಗೆ ದಾರ ಬಿಗಿದಿದ್ದ. ಅವನು ಯಾವುದಕ್ಕೂ ಎರಡೆರಡು ಗಂಟು ಹಾಕುವವನು. ಮನೆಯಲ್ಲಿದ್ದ ಅವನ ಬಟ್ಟೆಬರೆಯೆಲ್ಲ ಯಾರು ಯಾರದೋ ಕೈಗೆ ಹೋಗಿತ್ತು. ಈ ಗಂಟು ಉಳಿದಿತ್ತು.

ಮಾನಿಟರಿನಲ್ಲಿ ಚಿತ್ರ ಬಂತು. ಸಾಕು ಅಂದುಕೊಂಡಳು.

ಆಮೇಲೆ ಪೀಕಲಾಟ ಶುರುವಾಯಿತು. ಮುಖಗಳ ಬಲ ಅಂಚಿಗೆ ತೆಳ್ಳಗೊಂದು ನೆರಳು. ಹಳೆಯ ಫೋಟೋದ ಕಲೆ ಅಂದುಕೊಂಡು ಒರೆಸಿದಳು. ಹೋಗಲಿಲ್ಲ. ಇನ್ನಷ್ಟು ಒಳಗೆ ಒರೆಸಿದಳು. ನೆರಳೂ ಒಳಗೆ ಸರಿಯಿತು. ಅದಕ್ಕೆ ಹಟ, ಇವಳಿಗೂ ಹಟ. ಕೊನೆಗೆ ಒರೆಸಿ ಒರೆಸಿ ಪ್ರಿಂಟು ಹಾಕಿದಳು.

ಫೋಟೋ ತೆಗೆದುಕೊಳ್ಳಲು ಬಸ್ ಕಂಡಕ್ಟರ್ ಬಂದ. ನೋಡಿದ. ತಿರುಗಿಸಿ ನೋಡಿದ.

"ಅಕ್ಕಾ, ಯಾರಿದು?"

"ನಿಮ್ಮಪ್ಪ."

"ನಮ್ಮಪ್ಪನ ಕಿವಿ ಎಲ್ಲಿ ಹಾಗಾದ್ರೆ?"

ನಿಜ. ಎಡಗಡೆ ಕಿವಿ ಮೊರದಗಲ ಇತ್ತು. ಬಲಗಡೆಯದು ಅರ್ಧಕ್ಕರ್ಧ ಸವೆದುಹೋಗಿತ್ತು. ಕಂಡಕ್ಟರ್ ತನ್ನ ಟೋಪಿ ತೆಗೆದು ಪಕ್ಕಕ್ಕೆ ತಿರುಗಿ ತೋರಿಸಿದ. ಅವನದೂ ಅದೇ ಕಿವಿ. "ನೋಡಿ, ಅಪ್ಪ ನನಗೆ ಬಿಟ್ಟುಹೋಗಿದ್ದು ಇದೊಂದೇ. ಅದನ್ನೂ ಕತ್ತರಿಸಿಬಿಟ್ರಲ್ಲ."

ಅವಳ ಮೈದುನ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಅಂಗಡಿ ಅಣ್ಣತಮ್ಮಂದಿರಿಬ್ಬರ ಹೆಸರಲ್ಲಿತ್ತು. ಅಣ್ಣ ಹೋದಾಗಿನಿಂದ ತಮ್ಮನಿಗೆ ಅದರ ಮೇಲೆ ಕಣ್ಣು.

"ಅತ್ತಿಗೆ, ಅತ್ತೂ ಅತ್ತೂ ಕಣ್ಣು ಕಳ್ಕೊಂಡ್ರಿ. ಬೀಗದ ಕೈ ಕೊಡಿ. ಮೊಬೈಲ್ ಕವರಿನ ಅಂಗಡಿ ಹಾಕ್ತೀನಿ. ನೀವು ಮನೇಲಿ ನೆಮ್ಮದಿಯಾಗಿರಿ."

"ನೆಮ್ಮದಿ ನೀನಿಟ್ಕೋ. ಬೀಗದ ಕೈ ನಾನಿಟ್ಕೊಳ್ತೀನಿ."

ಡ್ರಾಯರಿನಿಂದ ಸೂಜಿ ದಾರ ತೆಗೆದಳು. ಮೊದಲ ಸಲಕ್ಕೇ ಪೋಣಿಸಿ ಅವನ ಮೂಗಿನ ಮುಂದೆ ಹಿಡಿದಳು. "ಯಾರ ಕಣ್ಣು ಹೋಗಿದ್ದು?"

"ಸೂಜಿ ಬೇರೆ, ಮುಖ ಬೇರೆ. ಅಣ್ಣನ ಹೆಸರು ಮಣ್ಣುಪಾಲು ಮಾಡ್ಬೇಡಿ. ನಾಳೆ ಸಂಜೆ ಬರ್ತೀನಿ. ಕಿವಿ ಸರಿಹೋಗಿರ್ಲಿಲ್ಲ ಅಂದ್ರೆ ನಾನು ಯಾರ ಮಾತೂ ಕೇಳಲ್ಲ."

ಅವನ ಮುಂದೆ ಅವಳ ಬಾಯಿ ಜೋರಾಗಿತ್ತು. ಅವನು ಹೋದ ಮೇಲೆ ತನ್ನ ಮೇಲೆ ತನಗೇ ಅನುಮಾನ ಬಂತು. ಕಣ್ಣು ನಿಜವಾಗಿ ಹೋಗಿದ್ದರೆ? ಈ ಕೆಲಸ ಬಿಟ್ಟರೆ ಅವಳಿಗೆ ಉಳಿಯುವುದು ಮನೆ, ಗೋಡೆ, ಅಳು.

ಕಂಪ್ಯೂಟರಿನಲ್ಲಿ, ಒರೆಸುವ ಮೊದಲಿನ ಚಿತ್ರ ತೆರೆದು ನೋಡಿದಳು. ನೆರಳು ಇತ್ತು. ಕಂಡಕ್ಟರ್ ಕೊಟ್ಟಿದ್ದ ಹಳೆಯ ಫೋಟೋವನ್ನೇ ಭೂತಗನ್ನಡಿಯಲ್ಲಿ ಹಿಡಿದು ನೋಡಿದಳು. ನೆರಳು ಇರಲಿಲ್ಲ. ಆಗ ಕಣ್ಣಿಗೆ ಬಿತ್ತು, ಮೌಸಿನ ಬಾಣಕ್ಕೂ ಬಲಗಡೆ ನೆರಳು. ಅಕ್ಷರಗಳಿಗೂ ನೆರಳು.

"ಬಾಣಕ್ಕೆ ಯಾವ ಅಪ್ಪನ ಕಿವಿ?" ಅಂದಳು. ಸೆರಗು ಸಿಕ್ಕಿಸಿಕೊಂಡು ಮಾನಿಟರ್ ಕೊಟ್ಟವನ ಅಂಗಡಿಗೆ ಜಗಳಕ್ಕೆ ಹೊರಟಳು.

"ಕೆಟ್ಟ ಮಾಲು ತಲೆಗೆ ಕಟ್ಟಿದ್ದೀಯಲ್ಲಪ್ಪಾ! ಎಲ್ಲಕ್ಕೂ ನೆರಳು!"

ಅವನು ಮೊದಲು ಕೇಳಿದ್ದೇ, "ಯಾವ ವೈರು ಹಾಕಿದ್ದೀರಕ್ಕ?"

"ನೀಲಿ ಮೂತಿದು. ಹಳೇದು."

"ಡಬ್ಬದಲ್ಲಿ ಎಚ್‌ಡಿಎಂಐ ಇತ್ತಲ್ಲ?"

"ಕವರಲ್ಲಿದೆ."

"ಬೆಚ್ಚಗಿರ್ಲಿ ಅಂತಾನಾ?"

ಅವಳು ನಗಲಿಲ್ಲ. ಅವನು ನಗು ನುಂಗಿಕೊಂಡು ಹೇಳಿದ. "ನೀಲಿ ವೈರಲ್ಲಿ ಚಿತ್ರ ಅಲೆ ಅಲೆಯಾಗಿ ಬರುತ್ತೆ. ದಾರೀಲಿ ಗಾಯ ಇದ್ರೆ ಅಲ್ಲಿ ತಾಗಿ ಪ್ರತಿಧ್ವನಿ ಬಂದ ಹಾಗೆ ಇನ್ನೊಂದ್ಸಲ ಬರುತ್ತೆ. ಅದೇ ನಿಮ್ಮ ನೆರಳು. ಚಿಕ್ಕ ಮಾನಿಟರಲ್ಲಿ ಗೊತ್ತಾಗ್ತಿರ್ಲಿಲ್ಲ, ದೊಡ್ಡದರಲ್ಲಿ ಬಯಲಾಗುತ್ತೆ. ಎಚ್‌ಡಿಎಂಐನಲ್ಲಿ ಚಿತ್ರ ಅಂಕಿಯಾಗಿ ಬರುತ್ತೆ. ಕೆಟ್ರೆ ಚುಕ್ಕಿ ಬರುತ್ತೆ, ಇಲ್ಲ ಪೂರ್ತಿ ಕಪ್ಪಾಗುತ್ತೆ. ಸುಳ್ಳು ನೆರಳು ಮಾತ್ರ ಬರಲ್ಲ."

"ಒಂದು ಮೂಲೆ ಕತ್ತರಿಸಿದ ಹಾಗಿರೋ ತೂತೊಂದಿದೆಯಲ್ಲ, ಅದು?"

"ಡಿಸ್‌ಪ್ಲೇಪೋರ್ಟು. ಶರವೇಗದ ಆಟ ಆಡೋರು ಕೇಳ್ತಾರೆ. ನಿಮ್ಮ ಫೋಟೋದವರು ಎಲ್ಲಿಗೂ ಓಡಲ್ಲ ಬಿಡಿ. ಕಂಪ್ಯೂಟರಿನ ಹಿಂದೆ ನೀಲಿ ವೈರು ಚುಚ್ಚಿದ್ರಲ್ಲ, ಅದೇ ಸಾಲಿನ ಚಪ್ಪಟೆ ತೂತಿಗೆ ಹಾಕಿ. ಮೇಲಿನದಕ್ಕೆ ಹಾಕ್ಬೇಡಿ, ಅದರಲ್ಲಿ ಚಿತ್ರ ಬರಲ್ಲ."

"ಹಳೇ ವೈರು ಅವರು ಕಟ್ಟಿದ್ದು" ಅಂದಳು. ಅವನಿಗೆ ಹೇಳಬೇಕಾದ ಮಾತಲ್ಲ. ಬಾಯಿಗೆ ಬಂತು.

ಅವನು ದನಿ ತಗ್ಗಿಸಿ ಹೇಳಿದ. "ಗಟ್ಟಿಯಾಗಿ ಕಟ್ಟಿದ್ರು ಅಕ್ಕ. ಅದಕ್ಕೇ ಇಷ್ಟು ಕಾಲ ಬಂತು."

ಅಂಗಡಿಗೆ ಬಂದು ಮಾನಿಟರಿನ ಹಿಂದೆ ಕೈ ಹಾಕಿದಳು. ಒಂದು ತಿರುಪು ಬಿಚ್ಚಿದಳು. ಎರಡನೆಯದಕ್ಕೆ ಕೈ ಬರಲಿಲ್ಲ. ಗಂಟು ಬೆರಳಿಗೆ ಸಿಕ್ಕಿತು. ಹಾಗೇ ಹಿಡಿದುಕೊಂಡು ಕೂತಳು. ಕೂತು ಕೂತು ಸಿಟ್ಟು ಬಂತು.

"ರೀ, ನಿಮ್ಮ ಗಂಟು ಕಂಡಕ್ಟರನ ಅಪ್ಪನ ಕಿವಿ ತಿಂತು. ಮುಖ ಕೆಡಿಸಬೇಡ ಅಂದೋರು ನೀವೇ ತಾನೆ?"

ಎರಡನೆಯ ತಿರುಪನ್ನೂ ಬಿಚ್ಚಿದಳು. ಕಂಪ್ಯೂಟರಿನ ಕಡೆಯ ತುದಿಯನ್ನೂ ಬಿಚ್ಚಿ ತೆಗೆದಳು.

ಹೊಸ ವೈರನ್ನು ಅವಸರದಲ್ಲಿ ಮೇಲಿನ ತೂತಿಗೇ ಚುಚ್ಚಿದಳು. ಮಾನಿಟರು ಕಪ್ಪಗೆ ಕೂತಿತು. ತನಗೇ ಎರಡು ಬೈದುಕೊಂಡು, ಕಿತ್ತು, ಕೆಳಗಿನ ಸಾಲಿಗೆ ಹಾಕಿದಳು. ಬಂತು. ಬಾಣಕ್ಕೆ ನೆರಳಿಲ್ಲ. ಅಪ್ಪನ ಬಲಗಿವಿ ಇಡಿಯಾಗಿ ನಿಂತಿತ್ತು, ಅದರ ಅಂಚಿನ ರೋಮವೂ ಕಾಣುತ್ತಿತ್ತು. ಮೊದಲಿನಿಂದ ಕೂತು ಮಾಡಿದಳು. ಕಲೆ ಮಾತ್ರ ತೆಗೆದಳು. ರೋಮ ಮುಟ್ಟಲಿಲ್ಲ.

ಮರುದಿನ ಸಂಜೆ ಕಂಡಕ್ಟರ್ ಹೊಸ ಪ್ರಿಂಟನ್ನು ಗೋಡೆಯ ಕನ್ನಡಿ ಮುಂದೆ ತನ್ನ ಕಿವಿಯ ಪಕ್ಕ ಹಿಡಿದ. ಬಹಳ ಹೊತ್ತು ನೋಡಿದ. "ಅಪ್ಪ ಬಂದ್ರು ಅಕ್ಕ" ಅಂದ. ಶರ್ಟಿನೊಳಗೆ ಇಟ್ಟುಕೊಂಡು ಹೋದ.

ಮೈದುನ ಬಾಗಿಲಲ್ಲೇ ನಿಂತಿದ್ದ. ಎಲ್ಲ ನೋಡಿದ್ದ. ಆದರೂ ಬೀಗದ ಕೈಗೆ ಅಂತ ಚಾಚಿದ ಕೈ ಮಡಚಲಿಲ್ಲ.

"ಒಂದು ವೈರು ಸರಿಹೋಯ್ತು ಅಂತ ಹಿಗ್ಬೇಡಿ ಅತ್ತಿಗೆ. ನಾಳೆ ಇನ್ನೊಂದು ಕೆಡುತ್ತೆ."

"ಕೆಡ್ಲಿ. ನಾಳೇದನ್ನ ನಾಳೆ ಬಿಚ್ತೀನಿ."

"ಎಲ್ಲ ಒಬ್ರೇ ಮಾಡೋಕಾಗುತ್ತಾ?"

"ಯಾಕೆ ಒಬ್ಳೇ? ನೀನು ಹೇಗೂ ಕೈ ಚಾಚ್ಕೊಂಡೇ ಇದ್ದೀಯ."

ಬಿಳಿ ಪರದೆ ಒಂದು ಕಡೆ ಜೋತುಬಿದ್ದಿತ್ತು. ಅದರ ತುದಿ ಎಳೆದು ಅವನ ಕೈಗಿಟ್ಟಳು. "ಎತ್ತಿ ಹಿಡ್ಕೋ. ಇನ್ನೂ ಮೇಲೆ."

ಏನು ಮಾಡುವುದೆಂದು ತೋಚದೆ ಅವನು ಎತ್ತಿ ಹಿಡಿದ. ಅವಳು ಸ್ಟೂಲು ಹತ್ತಿ, ಪರದೆಯ ತುದಿಯನ್ನು ಮೊಳೆಗೆ ಸೇರಿಸಿ ನೀಲಿ ಮೂತಿಯ ವೈರಿನಿಂದ ಬಿಗಿದಳು. ಎರಡು ಗಂಟು ಹಾಕಿದಳು.