ಸರೋಜಕ್ಕನ ತಾಳದ ಪೆಟ್ಟಿಗೆ

ಪೀಣ್ಯದ ಕಾರ್ಖಾನೆಗಳಿಂದ ಯಾರೇ ಬರಲಿ, ಸರೋಜಕ್ಕ ಮೊದಲು ಅವರ ಕೈ ನೋಡುತ್ತಿದ್ದರು. "ಹತ್ತೂ ಇದಾವೇನೋ?" ಎಂದು ಬೆರಳು ವಿಚಾರಿಸಿಕೊಂಡ ಮೇಲೇ ಕಾಫಿಗೆ ನೀರಿಡುವುದು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಬೀದಿಯಲ್ಲೇ ಇದ್ದ ಅವರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ರೇಡಿಯೋಗಳಿಗೆ ಬೆಸುಗೆ ಹಾಕುತ್ತಿದ್ದರು. ನಾನು ಪೀಣ್ಯದ ಶೆಡ್ಡೊಂದರಲ್ಲಿ ಪವರ್ ಪ್ರೆಸ್ ಮೇಲೆ ತಗಡು ಒತ್ತುತ್ತಿದ್ದೆ. ಇನ್ನೂ ಕಾಯಂ ಆಗಿರಲಿಲ್ಲ. ಗುಜರಿ ಸಾಮಾನು ಬೆಸೆದು ಅಕ್ಕ ಒಂದು ತಾಳದ ಪೆಟ್ಟಿಗೆ ಮಾಡಿದ್ದರು. ಗುಂಡಿ ತಿರುಗಿಸಿದರೆ ಡಬ್ ಡಬ್ ಎನ್ನುತ್ತಿತ್ತು. ಅವರ ಪಕ್ಕದ ಮನೆಯ ಬಷೀರ್ ಗಿಟಾರಿನ ಎರಡೇ ತಂತಿ ಮೀಟುತ್ತಿದ್ದ, ನಾನು ಕೂಗುತ್ತಿದ್ದೆ. ಇಷ್ಟೇ ನಮ್ಮ ಬ್ಯಾಂಡು. ಇಂಥದ್ದಕ್ಕೆ ವಿಲಾಯಿತಿಯಲ್ಲಿ ಪೋಸ್ಟ್-ಪಂಕ್ ಅನ್ನುತ್ತಾರಂತೆ. ನಮ್ಮ ಬೀದಿಯವರು ತಲೆನೋವು ಅನ್ನುತ್ತಿದ್ದರು.

ಆ ವರ್ಷ ಕೆಲಸ ಬೇಗ ಸಾಗಲೆಂದು ಮಾಲೀಕರು, ಕೈ ಒಳಗೆ ಸಿಕ್ಕದಂತೆ ಶೆಡ್ಡಿನ ಪ್ರೆಸ್ಸುಗಳ ಮುಂದಿದ್ದ ಕಾವಲು ಜಾಲರಿ ಬಿಚ್ಚಿಸಿದರು. ತಿಂಗಳೊಳಗೆ ನನ್ನ ಪಕ್ಕದ ಪ್ರೆಸ್ಸಿನ ನಂಜಪ್ಪನ ಎರಡು ಬೆರಳು ಹೋದವು. ಅದರ ಮೇಲೆ ನಾನು ಹಾಡು ಬರೆದೆ. ಸರೋಜಕ್ಕ ಪ್ರೆಸ್ಸು ಬಡಿಯುವ ಸದ್ದನ್ನು ನನ್ನ ಬಾಯಲ್ಲೇ ಹೇಳಿಸಿ, ಗಡಿಯಾರ ನೋಡಿಕೊಂಡು, ಪೆಟ್ಟಿಗೆಯನ್ನು ಅದೇ ಓಟಕ್ಕೆ ಕೂರಿಸಿದರು.

ಆಯುಧಪೂಜೆಗೆ ಶೆಡ್ಡಿನಲ್ಲೇ ನಮ್ಮ ಕಾರ್ಯಕ್ರಮ. "ದೇವರನಾಮ ಹಾಡ್ರಪ್ಪ, ಬೇರೇನೂ ಬೇಡ" ಎಂದು ಮ್ಯಾನೇಜರು ಮೊದಲೇ ಎಚ್ಚರಿಸಿದ್ದರು. ಮುಂದೆ ಕುರ್ಚಿಯಲ್ಲಿ ಮಾಲೀಕರನ್ನು ಕಂಡದ್ದೇ ನಾನು ಸರೋಜಕ್ಕನ ಹತ್ತಿರ ಸರಿದೆ.

"ಕೆಲಸ ಹೋಗತ್ತಕ್ಕ" ಎಂದೆ.

"ಹೋದ್ರೆ ಇನ್ನೊಂದು ಸಿಗತ್ತೆ ಕಣೋ. ಬೆರಳು ಯಾವ ಅಂಗಡೀಲಿ ಸಿಗತ್ತೆ?" ಎಂದವರೇ ಗುಂಡಿ ತಿರುಗಿಸಿದರು.

ಡಬ್. ನೆಲದ ಮೇಲೆ ಕೂತಿದ್ದ ಪ್ರೆಸ್ಸಿನವರೆಲ್ಲ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಡಬ್. ಮತ್ತೆ ಎಳೆದುಕೊಂಡರು. ಯಾರೂ ಬೇಕೆಂದು ಮಾಡಿದ್ದಲ್ಲ, ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ಅಷ್ಟು ಜನರ ಕೈ ಒಟ್ಟಿಗೆ ಬೆದರುವುದನ್ನು ಮಾಲೀಕರು ತಿರುಗಿ ನೋಡಿದರು. ಆಮೇಲೆ ಹಾಡದೆ ಇರಲು ನನ್ನಿಂದ ಆಗಲಿಲ್ಲ.

ಮರುವಾರ ಜಾಲರಿ ಹಾಕಿಸಿದರು, ನನ್ನನ್ನು ಮನೆಗೆ ಕಳಿಸಿದರು. ಸರೋಜಕ್ಕ ಎದುರಿಗೆ ಕೂರಿಸಿಕೊಂಡು ನನಗೆ ಬೆಸುಗೆ ಕಲಿಸಿದರು. ತಪ್ಪಿದಾಗಲೆಲ್ಲ ಬೈದರು. ಇವತ್ತಿನವರೆಗೂ ನಾನು ಉಂಡದ್ದು ಆ ವಿದ್ಯೆಯ ಅನ್ನ. ಆ ಋಣ ತೀರುವಂಥದ್ದಲ್ಲ.

ಎಷ್ಟೋ ವರ್ಷಗಳ ಮೇಲೆ, ಕೊನೆಯ ಸಲ ನಂಜಪ್ಪನೂ ನಾನೂ ಅವರ ಮನೆಗೆ ಹೋದಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ದನಿ ಗುರುತಿಸಿ ನನ್ನ ಎರಡೂ ಕೈ ಎಳೆದುಕೊಂಡರು, ಬೆರಳುಗಳನ್ನು ಮುಟ್ಟಿ ಮುಟ್ಟಿ ಎಣಿಸಿ, "ಹತ್ತೂ ಇದಾವೆ" ಎಂದು ನಕ್ಕರು. ಆಮೇಲೆ ನಂಜಪ್ಪನ ಎರಡೂ ಕೈ ಹಿಡಿದು ಎಣಿಸಿದರು. ಎಂಟಕ್ಕೆ ನಿಂತರು. ನಾವು ಹೊರಡುವವರೆಗೂ ಅವನ ಮೂರು ಬೆರಳಿನ ಕೈ ಅವರ ಮಡಿಲಲ್ಲೇ ಇತ್ತು.

ಮುಂದಿನ ಆಯುಧಪೂಜೆಯ ಹೊತ್ತಿಗೆ ಅವರಿರಲಿಲ್ಲ. ಅವರ ತಾಳದ ಪೆಟ್ಟಿಗೆಗೆ ನಂಜಪ್ಪ ಕುಂಕುಮ ಇಟ್ಟ, ಅದೇ ಕೈಯಲ್ಲಿ.